ಹಸಿ ಸುಣ್ಣ

“ಕೆಳಗಿಡು ಅದನ್ನ,” ಎಂದಳು ಕಾಂತಾಬಾಯಿ.

ವೀರಭದ್ರ ಇಡಲಿಲ್ಲ. ಕುಂಚವನ್ನು ಸುಣ್ಣದ ಗಡಿಗೆಯಲ್ಲಿ ಮತ್ತೊಮ್ಮೆ ಅದ್ದಿ, ಗೋಡೆಗೆ ಮೇಲಿಂದ ಕೆಳಗೆ ಒಂದು ಎಳೆ ಎಳೆದ. ಅಕ್ಕ ನಡುಮನೆ ದಾಟಿ ಬಂದು, ಗಡಿಗೆಯನ್ನೇ ಎತ್ತಿಕೊಂಡು ಹಿಂದೆ ಸರಿದಳು.

ತಾಯಿ ಬಾಳಮ್ಮನ ಹೆಣ ಹೊರಗೆ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಮಲಗಿತ್ತು. ಸತ್ತದ್ದು ನಿನ್ನೆ ಇಳಿಹೊತ್ತಿಗೆ. ಮಗಳು ಕಾಂತಾಬಾಯಿ ಗಂಡನ ಊರು ತುರೋರಿಯಿಂದ ಬೆಳಗಿನ ಮೊದಲ ಮೋಟಾರು ಹಿಡಿದು, ಉಮರ್ಗಾದಲ್ಲಿ ಇಳಿದು ನಿಲಂಗಾದ ಮೋಟಾರು ಹತ್ತಿ, ಅಲ್ಲಿಂದ ಎರಡು ಹರದಾರಿ ಯಾರದೋ ಜೋಳದ ಕಣಿಕೆ ಹೇರಿದ ಗಾಡಿಯಲ್ಲಿ ಕುಳಿತು ಬಂದಿದ್ದಳು. ತಾಯಿಯ ಕಾಲಿಗೆ ಹಣೆ ಹಚ್ಚಿ ಅಳುವುದಕ್ಕೆ ಬಾಯಿ ತೆರೆದಾಗ ಒಳಗಿನಿಂದ ಸುಣ್ಣದ ವಾಸನೆ ಬಂತು. ಅಳು ಅಲ್ಲೇ ನಿಂತಿತು. ಹೆತ್ತವಳ ಹೆಣಕ್ಕೆ ಇನ್ನೂ ಸ್ನಾನವಾಗಿಲ್ಲ, ಮಗ ಒಳಗೆ ಗೋಡೆ ಬಳಿಯುತ್ತಿದ್ದಾನೆ. ಇದೇನು ದೀಪಾವಳಿಯೇ?

“ಊರ ಮಂದಿ ಬರೋರಿದ್ದಾರ,” ಎಂದ ವೀರಭದ್ರ. ಅಕ್ಕನ ಕಡೆ ತಿರುಗಲಿಲ್ಲ. “ಅವ್ವನ್ನ ಇದೇ ಗ್ವಾಡಿಗೆ ಕೂಡಸೋದು. ಬತ್ತಲಿ ಗೊಂಬಿಗೋಳ ನಡುವ ಹೆಂಗ್ ಕೂಡಸ್ಲಿ?”

“ಈ ನಾಕು ವರ್ಷ ಅದಾವ ಅವು. ಇವತ್ತ ಬತ್ತಲಿ ಕಂಡ್ವು ನಿನಗ?”

“ಅಯ್ಯನೋರು ಹೇಳ್ಯಾರ, ಅಕ್ಕಾ. ಈ ಚಿತ್ರ ಇದ್ರ ಮನಿಯಾಗ ಕಾಲ ಇಡಂಗಿಲ್ಲ ಅಂದಾರ. ನಾ ಏನ್ ಮಾಡ್ಲಿ?”

ಅಯ್ಯನವರು ಎಂದರೆ ಮರುಳಸಿದ್ಧಯ್ಯ, ಈ ಮನೆಯ ಹುಟ್ಟು ಸಾವು ಮದುವೆ ಎಲ್ಲಕ್ಕೂ ಬರುವ ಜಂಗಮ.  ಅವರು ಬಂದು ಹೆಣದ ತಲೆಯ ಮೇಲೆ ಪಾದ ಇಡದಿದ್ದರೆ ತಾಯಿಯ ಕ್ರಿಯೆ ಆಗುವುದಿಲ್ಲ. ಕಾಂತಾಬಾಯಿ ಗಡಿಗೆಯನ್ನು ಮೂಲೆಗಿಟ್ಟು ಗೋಡೆಯ ಮುಂದೆ ನಿಂತಳು.

ಹಸಿ ಸುಣ್ಣಕ್ಕೆ ಒಂದು ಗುಣವಿದೆ. ಬಳಿದ ಹೊತ್ತಿನಲ್ಲಿ ಅದು ತೆಳ್ಳಗೆ ನೀರಿನಂತಿರುತ್ತದೆ, ಹಿಂದಿನದೆಲ್ಲ ಕಾಣುತ್ತದೆ. ಒಣಗುತ್ತ ಬಂದಂತೆ ಬೆಳ್ಳಗಾಗಿ ಮುಚ್ಚುತ್ತದೆ. ತಾಯಿ ಗೋಡೆಯ ಮೇಲೆ ಬರೆದಿದ್ದ ಹನ್ನೊಂದು ಹೆಂಗಸರು ಈಗ ತೆಳು ಅರಿವೆಯ ಹಿಂದೆ ನಿಂತವರಂತೆ ಮಬ್ಬಾಗಿ ಕಾಣುತ್ತಿದ್ದರು. ಕೆಮ್ಮಣ್ಣಿನ ಮೈ, ಕಾಡಿಗೆಯ ಕಣ್ಣು, ಕಿವಿಯಲ್ಲಿ ಬಿಲ್ಲೆಯಷ್ಟು ದೊಡ್ಡ ಓಲೆ. ಹತ್ತು ಜನ ತಲೆಯ ಮೇಲೆ ಗಂಟು ಹೊತ್ತು ಸಾಲಾಗಿ ನಡೆದಿದ್ದರು. ಸಾಲಿನ ಕೊನೆಗೆ, ನೆಲಕ್ಕೆ ಹತ್ತಿಕೊಂಡು, ಹನ್ನೊಂದನೆಯವಳು ಮೊಣಕಾಲು ಅಗಲಿಸಿ, ಎರಡೂ ಕೈ ಮೇಲೆತ್ತಿ, ಹೆರಲು ಕೂತವಳಂತೆ ಕೂತಿದ್ದಳು. ಜೀವಂತ ಹೆಂಗಸಿನಷ್ಟೇ ದೊಡ್ಡವಳು.

ಕಾಂತಾಬಾಯಿ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಸಾಲಿನ ಮೊದಲನೆಯವಳ ಕಾಲಿನ ಮೇಲೆ ಒರೆಸಿದಳು. ಸುಣ್ಣ ಬಂತು. ಅದರ ಹಿಂದೆಯೇ ಕೆಂಪೂ ಬಂತು. ಜಾಲಿಯ ಅಂಟಿನಲ್ಲಿ ಕಲಸಿದ ಬಣ್ಣ, ನೀರು ಸೋಕಿದರೆ ನಿಲ್ಲುವುದಿಲ್ಲ. ಕಾಲಿದ್ದ ಜಾಗದಲ್ಲಿ ಬರೀ ಮಣ್ಣಿನ ಗೋಡೆ ಉಳಿಯಿತು. ಅವಳು ಕೈ ಹಿಂದೆ ತೆಗೆದಳು. ಒರೆಸಿದರೂ ಹೋಗುತ್ತಾರೆ, ಬಿಟ್ಟರೂ ಮಧ್ಯಾಹ್ನದೊಳಗೆ ಹೋಗುತ್ತಾರೆ. 

“ಜಾಊ ದ್ಯಾ, ಅಕ್ಕಾ,” ಎಂದಳು ತಮ್ಮನ ಹೆಂಡತಿ ಪ್ರಯಾಗಬಾಯಿ ಬಾಗಿಲಲ್ಲಿ ನಿಂತು. ಉದಗೀರದ ಹೆಣ್ಣು, ಗಾಬರಿಯಾದಾಗ ಮರಾಠಿ ಮುಂದೆ ಬರುತ್ತಿತ್ತು. “ಬಿಟ್ಟು ಬಿಡ್ರಿ. ನೀರು ಕಾದದ, ಅತ್ತೀಗಿ ಮೈ ತೊಳಿಬೇಕು.”

*

ಹನ್ನೆರಡು ವರ್ಷದ ಹಿಂದೆ, ರಜಾಕಾರರ ಗದ್ದಲದಲ್ಲಿ, ಊರಿನ ಅರ್ಧ ಮನೆಗಳವರು ಹೈದರಾಬಾದಿನ ಸರಹದ್ದು ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ಬಾಳಮ್ಮ ಗಂಡ ಮನ್ಮಥಪ್ಪ ಮತ್ತು ಮಗನ ಜೊತೆ ತಲೆಯ ಮೇಲೆ ಗಂಟು ಹೊತ್ತು ನಡೆದಳು. ಪೋಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಮಗನೊಬ್ಬನ ಜೊತೆ ತಿರುಗಿ ಬಂದಳು. ಮನ್ಮಥಪ್ಪ ಅಲ್ಲಿಯೇ ವಾಂತಿಭೇದಿಗೆ ತೀರಿಕೊಂಡಿದ್ದ. ಅವನನ್ನು ಯಾರದೋ ಹೊಲದಲ್ಲಿ, ಅಯ್ಯನವರಿಲ್ಲದೆ, ಕತ್ತಲಾಗುವುದರೊಳಗೆ ಮಣ್ಣು ಮಾಡಿ ಬಂದಿದ್ದರು.

ಮನೆಗೆ ಬಂದು ನೋಡಿದರೆ ಮಾಳಿಗೆ ಕುಸಿದಿತ್ತು. ಬಾಗಿಲು, ತೊಲೆ, ತಾಮ್ರದ ಹಂಡೆ ಯಾವುದೂ ಇರಲಿಲ್ಲ. ಗೋಡೆಯೊಳಗಿನ ದೇವರ ಮಾಡದಲ್ಲಿ ಇಲಿ ಮರಿ ಹಾಕಿತ್ತು.

ಆ ಕಡೆಯ ಮಾಳಿಗೆಗಳಿಗೆ ಹೊದಿಸುವುದು ಹಾಳೂರ ದಿಬ್ಬದ ಬಿಳಿ ಮಣ್ಣು. ಎಂದೋ ಯಾರೋ ಬಾಳಿ ಬಿಟ್ಟುಹೋದ ಊರು ಮಣ್ಣಾಗಿ ಎದ್ದ ದಿಬ್ಬ ಅದು. ಆ ಮಣ್ಣು ತುಳಿದು ಬಡಿದರೆ ಮಳೆಗೆ ಸೋರದು. ತಾಯಿಗೆ ನೆರವಾಗಲು ಕಾಂತಾಬಾಯಿ ಹದಿನೈದು ದಿನ ಬಂದಿದ್ದಳು. ಇಬ್ಬರೂ ಗುದ್ದಲಿ ಹಿಡಿದು ಅಗೆಯುತ್ತಿದ್ದಾಗ ಮೊದಲು ಶಂಖದ ಬಳೆಯ ಚೂರು, ಆಮೇಲೆ ಎರಡು ಮಣಿ, ಆಮೇಲೆ ಗೇಣುದ್ದದ ಒಬ್ಬ ಮಣ್ಣಿನ ಹೆಂಗಸು ಬಂದಳು. ಸುಟ್ಟ ಮಣ್ಣು, ಮೈಮೇಲೆ ಅರಿವೆಯಿಲ್ಲ, ಮೊಣಕಾಲು ಅಗಲಿಸಿ ಕೂತಿದ್ದಾಳೆ.

“ದೆವ್ವದ್ದು ಇರ್ಬೇಕು. ಒಗಿಯವ್ವಾ,” ಎಂದಿದ್ದಳು ಕಾಂತಾಬಾಯಿ.

ಬಾಳಮ್ಮ ಸೆರಗಿನಿಂದ ಅದರ ಮುಖ ಒರೆಸಿದಳು. “ದೆವ್ವಕ್ಕ ಕಿವ್ಯಾಗ ಇಷ್ಟ್ ದೊಡ್ಡ ಓಲಿ ಯಾರ್ ಹಾಕ್ತಾರ? ಯಾವಕ್ಕಿನೋ ಕೂತು ಮಾಡ್ಯಾಳ. ನೋಡಿಲ್ಲಿ.” ಬೊಂಬೆಯನ್ನು ತಿರುಗಿಸಿ ಬೆನ್ನು ತೋರಿಸಿದಳು. ಹಸಿ ಇದ್ದಾಗ ಒತ್ತಿದ ಹೆಬ್ಬೆರಳಿನ ಗುರುತು ಹಾಗೇ ಉಳಿದಿತ್ತು. ಬಾಳಮ್ಮ ತನ್ನ ಹೆಬ್ಬೆರಳನ್ನು ಅಲ್ಲಿಟ್ಟಳು. “ನನಗಿಂತ ಸಣ್ಣ ಕೈ ಇತ್ತು ಆಕಿದು.”

ಮನೆಗೆ ತಂದು ಖಾಲಿ ಬಿದ್ದಿದ್ದ ಮಾಡದಲ್ಲಿ ಕೂಡಿಸಿದಳು. “ಇಕಿ ಊರೂ ಹೋಗ್ಯಾದ, ನಮ್ದೂ ಹೋಗಿತ್ತು. ಕೂಡೇ ಇರ್ಲಿ,” ಎಂದಳು.

ಆಮೇಲೆ ಪ್ರತಿ ಬೇಸಿಗೆ ಮಾಳಿಗೆಗೆ ಮಣ್ಣು ತರಲು ಹೋದಾಗಲೂ ಅವಳ ಗುದ್ದಲಿ ಮೆಲ್ಲಗಾಗುತ್ತಿತ್ತು. ಒಬ್ಬಳಿಗೆ ಕೈ ಇರಲಿಲ್ಲ, ಒಬ್ಬಳಿಗೆ ಅರ್ಧ ಮುಖ ಇರಲಿಲ್ಲ. ಏಳು ಬೇಸಿಗೆಯಲ್ಲಿ ಹನ್ನೊಂದು ಜನ ಆದರು. ಬಾಳಮ್ಮ ಅವರಿಗೆ ಊದುಬತ್ತಿ ಹಚ್ಚಲಿಲ್ಲ, ಕುಂಕುಮ ಇಡಲಿಲ್ಲ. ಧೂಳು ಒರೆಸುತ್ತಿದ್ದಳು, ಮಾತಾಡಿಸುತ್ತಿದ್ದಳು. ಗಂಡ ಸತ್ತ ಹೆಂಗಸು ಮಣ್ಣಿನ ಬೊಂಬೆಯ ಜೊತೆ ಮಾತಾಡಿದರೆ ಊರು ನಗುತ್ತದೆ. ನಕ್ಕಿತು.

*

ಹೆಣಕ್ಕೆ ಸ್ನಾನ ಆಯಿತು. ಹಣೆ, ತೋಳು, ಎದೆಗೆ ವಿಭೂತಿ ಬಳಿದು, ಹೊಸ ಇಳಕಲ್ಲ ಸೀರೆ ಉಡಿಸಿದರು. ಬಾಳಮ್ಮನ ಗಂಡನ ಕಡೆಯ ಹಿರಿಯ ಬಸವಣ್ಣೆಪ್ಪ ಕಾಕಾ ನಡುಮನೆಯ ಗೋಡೆಗೆ ಗೂಟ ಬಡಿದ. ಲಿಂಗವಂತರ ಹೆಣ ಮಲಗಿ ಹೋಗುವುದಿಲ್ಲ, ಕೂತು ಹೋಗುತ್ತದೆ. ಕತ್ತು ಬೀಳದಂತೆ ಅರಿವೆಯಿಂದ ಗೂಟಕ್ಕೆ ಕಟ್ಟಿ, ಬೆನ್ನು ಗೋಡೆಗೆ ಕೊಟ್ಟು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಕೂಡಿಸಬೇಕು.

“ಗ್ವಾಡಿ ಹಸಿ ಅದ ಕಾಕಾ,” ಎಂದಳು ಪ್ರಯಾಗಬಾಯಿ. “ಹೊಸಾ ಸೀರಿಗಿ ಸುಣ್ಣ ಹತ್ತತದ.”

“ಹತ್ತಲಿ ಬಿಡು. ಮ್ಯಾಲ ಮಣ್ಣ ಬೀಳೋದದ, ಸುಣ್ಣಕ್ಕ ಯಾಕ ಅಂಜತಿ?” ಎಂದ ಕಾಕಾ.

ಹಸಿ ಗೋಡೆಗೆ ಹೆಣ ಕೂಡಿಸಿದ ಮನೆ ಈ ಸುತ್ತಿನ ಹತ್ತು ಊರಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಆದರೆ ಕಾಕಾನಿಗೆ ಸೂರ್ಯ ಮೇಲೇರುವುದರ ಚಿಂತೆ, ವೀರಭದ್ರನಿಗೆ ಬೇಗ ಮುಗಿದರೆ ಸಾಕು. ಬಾಳಮ್ಮನನ್ನು ಒಯ್ದು ಗೋಡೆಗೆ ಒತ್ತಿ ಕೂಡಿಸಿದರು. ಕೂತದ್ದು ಹನ್ನೊಂದನೆಯವಳ ಮೇಲೆಯೇ. ಎರಡು ಕಡೆ ಜೋಳದ ಚೀಲ ಇಟ್ಟು ಬಿಗಿ ಮಾಡಿದರು. ಬಾಳಮ್ಮನ ಭುಜದ ಹಿಂದಿನಿಂದ ಮೇಲೆತ್ತಿದ ಎರಡು ಕೆಂಪು ಕೈಗಳು ಸುಣ್ಣದಲ್ಲಿ ಮಸುಕಾಗಿ ಕಾಣುತ್ತಿದ್ದವು. ಬೇರೆ ಯಾರೂ ಅದನ್ನು ನೋಡಲಿಲ್ಲ. ಕಾಂತಾಬಾಯಿ ನೋಡಿದಳು, ಎದೆ ಒಡೆದು ಅತ್ತಳು. ಬೆಳಗಿನಿಂದ ನಿಂತಿದ್ದ ಅಳು ಅದು.

ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಸತ್ತ ಎಮ್ಮೆಗೆ ಹಂಡೆ ತುಂಬ ಹಾಲು ಅನ್ನುತ್ತಾರಲ್ಲ, ಹಾಗೆ ಶುರುವಾಯಿತು.

“ಬಂಗಾರದಂಥಾಕಿ. ಒಬ್ಬರಿಗೆ ಏರು ಮಾತ ಅಂದಾಕಿ ಅಲ್ಲ.”

“ಏನ್ ಕೈ ಆಕೀದು. ಮಾಳಿಗಿ ತುಳದ್ರ ಹತ್ತ ವರ್ಷ ಸೋರ್ತಿದ್ದಿಲ್ಲ.”

“ಅದೊಂದು ಗೊಂಬಿ ಬರಿಯೋ ಹುಚ್ಚ ಇತ್ತು ನೋಡು. ಅದು ಬಿಟ್ರ ದೇವರಂಥಾಕಿ.”

ಬಾಳಮ್ಮನ ಜೊತೆ ಸರಹದ್ದು ದಾಟಿ ಹೋಗಿ ಬಂದವಳು ನೆರೆಮನೆಯ ಅನುಸೂಯಾಬಾಯಿ. ಮುದುಕಿ ಗೋಡೆ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. 

“ಹುಚ್ಚ ಅಂದಾಕಿ ಯಾರವ್ವಾ? ಎದ್ದು ಹೊರಗ ಹೋಗು,” ಎಂದಳು. “ಆ ಸಾಲಿನ್ಯಾಗ ಮೂರನೇದಾಕಿ ನಾನು. ಕಂಕುಳಾಗ ಕೋಳಿ ಹಿಡದಾಕಿ. ದಾರಿಮ್ಯಾಗ ನಾ ಕೋಳಿ ಬಿಡಲಿಲ್ಲ ಅಂತ ನಕ್ಕು ನಕ್ಕು ಬರದಿದ್ದಳು. ಈಗ ನೋಡು, ಕೋಳೀನೂ ಇಲ್ಲ ನಾನೂ ಇಲ್ಲ.”

ಎಲ್ಲರೂ ಗೋಡೆಯ ಕಡೆ ನೋಡಿದರು. ಕಿಟಕಿಯಿಂದ ಬಿಸಿಲು ಬೀಳುವ ಕಡೆ ಸುಣ್ಣ ಆಗಲೇ ಒಣಗಿ ಬೆಳ್ಳಗಾಗಿತ್ತು. ಮೊದಲ ನಾಲ್ವರು ಹೋಗಿಯೇ ಬಿಟ್ಟಿದ್ದರು. ಐದನೆಯವಳ ಗಂಟು ಮಾತ್ರ ಉಳಿದಿತ್ತು.

*

ಐವತ್ತಾರರ ಬೇಸಿಗೆಯಲ್ಲಿ ಊರಿಗೆ ಒಂದು ಜೀಪು ಬಂದಿತ್ತು. ಇಳಿದವರು ಯಾವ ಕಚೇರಿಯವರೋ, ಯಾವ ವಸ್ತುಸಂಗ್ರಹಾಲಯದವರೋ, ಇವತ್ತಿಗೂ ಊರಲ್ಲಿ ಯಾರಿಗೂ ಗೊತ್ತಿಲ್ಲ. ಹಳೇ ಸಾಮಾನು ಯಾರ ಮನೆಯಲ್ಲಿದೆ ಎಂದು ಕೇಳುತ್ತ ಬಂದರು. ಬಾಳಮ್ಮ ಮದುವೆಯೊಂದಕ್ಕೆ ಉದಗೀರಕ್ಕೆ ಹೋಗಿದ್ದಳು. ವೀರಭದ್ರ ಸಕ್ಕರೆ ಹಾಕಿ ಚಹಾ ಮಾಡಿಸಿದ, ಮಾಡ ತೋರಿಸಿದ. ಇವು ಸಾವಿರ ಎರಡು ಸಾವಿರ ವರ್ಷದವು, ಎಂಟು ದಿನ ಇಟ್ಟುಕೊಂಡು ಫೋಟೋ ತೆಗೆದು ತಂದು ಕೊಡುತ್ತೇವೆ, ಕೆಳಗೆ ನಿನ್ನ ಹೆಸರು ಬರೆಸುತ್ತೇವೆ ಎಂದರು. ಹೆಸರು ಎಂದದ್ದೇ ತಡ, ವೀರಭದ್ರ ಹತ್ತಿ ಹಾಸಿದ ಬುಟ್ಟಿಯಲ್ಲಿ ಹನ್ನೊಂದನ್ನೂ ಇಟ್ಟು ಜೀಪಿನವರೆಗೆ ತಾನೇ ಹೊತ್ತುಕೊಂಡು ಹೋದ.

ಎಂಟು ದಿನ ಹೋಯಿತು, ಎಂಟು ತಿಂಗಳು ಹೋಯಿತು. ವಿಚಾರಿಸಲು ಹೋಗುವಷ್ಟರಲ್ಲಿ ತಾಲೂಕು ಹಳೇ ಜಿಲ್ಲೆ ಬಿಟ್ಟು ಹೊಸ ಜಿಲ್ಲೆಗೆ, ಹೈದರಾಬಾದು ರಾಜ್ಯ ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿಬಿಟ್ಟಿತ್ತು. ಹಳೆಯವರು ಹೊಸಬರನ್ನು ಕೇಳು ಎಂದರು, ಹೊಸಬರು ಹಳೆಯವರನ್ನು ಕೇಳು ಎಂದರು. ಊರನ್ನೇ ಎತ್ತಿ ಆಚೆ ಇಟ್ಟವರಿಗೆ ಹನ್ನೊಂದು ಮಣ್ಣಿನ ಹೆಂಗಸರು ಯಾವ ಲೆಕ್ಕ?

ಬಾಳಮ್ಮ ಮಗನಿಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಅವಳು ದಿಬ್ಬದ ಬಿಳಿ ಮಣ್ಣು ತಂದು ನಡುಮನೆಯ ಗೋಡೆ ನುಣ್ಣಗೆ ಸಾರಿಸಿದಳು. ಮಗ ದಿನಾ ಊಟಕ್ಕೆ ಕೂರುವಾಗ ಎದುರಿಗೆ ಬೀಳುವ ಗೋಡೆ. ಸಿಂದಿ ಗರಿಯ ಕಡ್ಡಿ ಜಗಿದು ಕುಂಚ ಮಾಡಿಕೊಂಡಳು. ಕೆಮ್ಮಣ್ಣು ಅರೆದಳು, ಕಂದೀಲಿನ ಕಾಡಿಗೆ ತೆಗೆದಳು.

ಮರುವರ್ಷ ಪಂಚಮಿಗೆ ತವರಿಗೆ ಬಂದ ಕಾಂತಾಬಾಯಿ ನೋಡಿದಾಗ ಐದು ಜನ ಆಗಿದ್ದರು.

“ಯವ್ವಾ, ಅವು ಇಷ್ಟಿಷ್ಟೇ ಇದ್ದವಲ್ಲ. ಇವ್ರು ಆಳೆತ್ತರ ಆಗ್ಯಾರ.”

“ಕೈಯಾಗಿದ್ದಾಗ ಗೇಣುದ್ದ ಇದ್ರು. ನೆನಪಿನ್ಯಾಗ ಬೆಳದಾರ. ನಾ ಏನ್ ಮಾಡ್ಲಿ?”

“ತಲಿಮ್ಯಾಗ ಗಂಟು ಎಲ್ಲಿತ್ತು?”

“ಈಗ ಅದ. ಮನಿ ಬಿಡಿಸಿದ್ರ ಗಂಟು ಹೊರಬೇಕಲ್ಲ.” ಬಾಳಮ್ಮ ಕಡ್ಡಿಯನ್ನು ಕೆಂಪಿನಲ್ಲಿ ಅದ್ದಿ, ಕೈ ಮುರಿದಿದ್ದವಳ ಭುಜ ತಿದ್ದಿದಳು. ಅವಳಿಗೆ ಕೈ ಬರೆಯಲಿಲ್ಲ. ಗಂಟು ಮಾತ್ರ ತಲೆಯ ಮೇಲೆ ನೆಟ್ಟಗೆ ನಿಲ್ಲಿಸಿದಳು.

“ಕೈ ಬರಿಯವ್ವಾ ಆಕೀಗಿ.”

“ಇಲ್ಲದ್ದು ಇಲ್ಲ. ಸುಳ್ಳ ಬರಿಲಾಕ ನಾ ಕಚೇರಿಯಾಕಿ ಅಲ್ಲ,” ಎಂದಳು ಬಾಳಮ್ಮ. ಅವಳ ಸಿಟ್ಟು ಅಷ್ಟೇ. ನಾಲ್ಕು ವರ್ಷ, ಒಂದೇ ಗೋಡೆಯ ಮೇಲೆ, ಒಂದು ದನಿ ಎತ್ತದೆ.

*

ಮರುಳಸಿದ್ಧಯ್ಯನವರು ಬಂದಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಎಪ್ಪತ್ತು ದಾಟಿದ ಜೀವ, ಕೋಲೂರಿ ಮೆಲ್ಲಗೆ ನಡುಮನೆಗೆ ಬಂದು ನಿಂತರು. ಹೆಣದ ಮುಖ ನೋಡಿದರು. ಆಮೇಲೆ ಗೋಡೆ ನೋಡಿದರು. ಆ ತುದಿಯಿಂದ ಈ ತುದಿಯವರೆಗೆ ಬಿಳಿ. ಬಾಳಮ್ಮನ ಎರಡು ಪಕ್ಕಕ್ಕೆ ಮಾತ್ರ ಒಂದೊಂದು ಮಬ್ಬು ಅಂಗೈ.

“ಬಾಳಮ್ಮನ ಮಂದಿ ಎಲ್ಲಿ ಹೋದ್ರೋ?” ಎಂದು ಕೇಳಿದರು.

 ಕಾಂತಾಬಾಯಿ ಎದ್ದು ನಿಂತಳು. “ನೀವೇ ಬಳಿಲಾಕ ಹೇಳೀರಂತಲ್ರೀ, ಅಪ್ಪಾವ್ರ. ಈ ಚಿತ್ರ ಇದ್ರ ಕಾಲ ಇಡಂಗಿಲ್ಲ ಅಂದೀರಂತ.”

“ನಾನು?” ಮುದುಕರು ಕೋಲನ್ನು ಎರಡೂ ಕೈಯಿಂದ ಹಿಡಿದುಕೊಂಡರು. “ನಾ ಈ ಗ್ವಾಡಿ ಮುಂದ ಕೂತು ಎಷ್ಟ ಸಲ ಪ್ರಸಾದ ತೊಗೊಂಡೀನವ್ವಾ. ಆ ಕೂತಾಕಿನ್ನ ನೋಡಿ, ಎಲ್ಲಾರೂ ಹಿಂಗೇ ಬಂದೀವಲ್ಲ ಬಾಳಮ್ಮಾ ಅಂದಿದ್ದೆ. ನಾ ಯಾಕ ಬಳಿ ಅನ್ಲಿ? ಯಾರ್ ಹೇಳ್ದೋರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಗಿಲಲ್ಲಿ, ಹೆಣ ಕೂಡಿಸಿ ಒಯ್ಯುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದ ವೀರಭದ್ರ ಯಾರೂ ತನ್ನ ಹೆಸರು ಹೇಳುವ ಮೊದಲೇ “ಮಂದಿ ಏನಂತಾರ ಅಂತ ಬಳದೆ,” ಎಂದ.

“ಯಾವ ಮಂದಿ?” ಎಂದಳು ಕಾಂತಾಬಾಯಿ. “ನಾಕ ವರ್ಷ ಇದೇ ಮಂದಿ ಬಂದು ಉಂಡು ಹೋಗ್ಯಾರ. ಅಯ್ಯನೋರ ಹೆಸರ ಹೇಳಿ ನನ್ನ ಬಾಯಿ ಮುಚ್ಚಿದಿ. ಅಲ್ಲಿ ಅವ್ವನ ಹೆಣ ಬಿದ್ದದ, ಇಲ್ಲಿ ನೀ ಸುಳ್ಳ ಹೇಳ್ಕೋತ ಸುಣ್ಣ ಹಚ್ಚಲಾಕತ್ತಿದ್ದಿ. ಮೊದಲ ಗೊಂಬಿ ಕೊಟ್ಟಿ. ಆಕಿ ಬರಕೊಂಡ್ಳು. ಈಗ ಅದನ್ನೂ ತೊಗೊಂಡಿ. ಆಕೀಗಿ ಅಂತ ಈ ಮನಿಯಾಗ ಏನ್ ಬಿಟ್ಟಿ ನೀ?”

“ನೀ ತುರೋರಿಯಾಗ ಇರ್ತಿ,” ಎಂದ ವೀರಭದ್ರ. ಅವನಿಗೂ ಸಿಟ್ಟು ಬಂದಿತ್ತು. “ವರ್ಷಕ್ಕೊಮ್ಮೆ ಬಂದು ಚಂದ ಅದ ಚಂದ ಅದ ಅಂತಿದ್ದಿ. ದಿನಾ ಅವುರ ಮುಂದ ಕೂತು ಉಂಡಾಂವ ನಾನು. ತುತ್ತ ಎತ್ತಿದ್ರ ನೋಡ್ತಾವ, ಇಳಿಸಿದ್ರ ನೋಡ್ತಾವ. ಒಂದ ಸಲ ಬೈದಿದ್ರ ಆಗ್ತಿತ್ತು ಆಕಿ. ಬೈಲಿಲ್ಲ. ಇನ್ನೂ ಎಷ್ಟ ವರ್ಷ ನೋಡ್ಲಿ ನಾ?”

ಮನೆ ತುಂಬ ಜನ. ಎಲ್ಲರೂ ಕೇಳಿಸಿಕೊಂಡರು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅಷ್ಟು ದೊಡ್ಡ ಗೋಡೆ ಮುಚ್ಚುವ ಬದಲು ಒಂದು ದಿನ ತಾಯಿಯ ಮುಂದೆ ಕೂತು ತಪ್ಪಾಯಿತು ಅನ್ನಬಹುದಿತ್ತಲ್ಲ. ಅದಕ್ಕೆ ಸುಣ್ಣವೂ ಬೇಡ, ಕುಂಚವೂ ಬೇಡ.

“ಸಾಕು ಮಾಡ್ರಿ. ಮೊದಲ ಆಕಿನ್ನ ಕಳಸೂಣು,” ಎಂದರು ಮರುಳ​ಸಿದ್ಧಯ್ಯನವರು. ಹೆಣದ ಮುಂದೆ ಬಂದು, ಬಿಲ್ವಪತ್ರೆ ಇಟ್ಟು, ನಡುಗುವ ಬಲಗಾಲನ್ನು ಬಾಳಮ್ಮನ ತಲೆಯ ಮೇಲೆ ಹಗುರಾಗಿ ಸೋಕಿಸಿ ಮಂತ್ರ ಹೇಳಿದರು.

“ಚಲಾ, ಉಚಲಾ. ಎತ್ತರಿ,” ಎಂದ ಬಸವಣ್ಣೆಪ್ಪ ಕಾಕಾ.

ಗೂಟದ ಅರಿವೆ ಬಿಚ್ಚಿ ನಾಲ್ವರು ಎತ್ತಿದರು. ಹೆಣ ಗೋಡೆಯನ್ನು ಬಿಡುವಾಗ ಪರ್ ಎಂದು ಸಪ್ಪಳವಾಯಿತು. ಸೀರೆ ಹರಿಯಿತೆಂದು ಪ್ರಯಾಗಬಾಯಿ ಕೈ ಚಾಚಿದಳು. ಸೀರೆ ಹರಿದಿರಲಿಲ್ಲ. ಬೆನ್ನಿಗೆ ಒತ್ತಿಕೊಂಡಿದ್ದ ಸುಣ್ಣ ಪೊರೆಪೊರೆಯಾಗಿ ಇಳಕಲ್ಲ ಸೀರೆಗೆ ಹತ್ತಿ ಎದ್ದು ಬಂದಿತ್ತು.

ಗೋಡೆಯ ಮೇಲೆ, ಬಿಳಿಯ ನಡುವೆ, ಬಾಳಮ್ಮ ಕೂತ ಜಾಗ ತೆರೆದುಕೊಂಡಿತ್ತು. ತುರುಬಿನ ಗುಂಡು, ಇಳಿಬಿದ್ದ ಎರಡು ಭುಜ, ಅಗಲ ಸೊಂಟ. ಆ ಆಕಾರದೊಳಗೆ ಹನ್ನೊಂದನೆಯವಳು ಕೂತಿದ್ದಳು. ಕೈಗಳು ಸುಣ್ಣದಲ್ಲೇ ಹೋಗಿದ್ದವು. ಮುಖ, ಓಲೆ, ಎದೆ, ಹೊಟ್ಟೆ ಮಾತ್ರ ಕೆಂಪಗೆ ಉಳಿದಿದ್ದವು. ಕಾಡಿಗೆಯ ಎರಡು ಕಣ್ಣು ಬಾಗಿಲ ಕಡೆ ನೋಡುತ್ತಿದ್ದವು.

ಒರೆಸಿದರೆ ಹೋಗುತ್ತಿದ್ದ ಬಣ್ಣ ಅದು. ತಾಯಿ ಮೂರು ತಾಸು ಬೆನ್ನು ಕೊಟ್ಟು ಉಳಿಸಿಕೊಂಡಿದ್ದಳು ಎಂದು ಕಾಂತಾಬಾಯಿಗೆ ಅನಿಸಿತು. ಸತ್ತವರು ಏನನ್ನೂ ಮಾಡುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಆದರೂ ಅನಿಸಿತು.

ವಿಮಾನದ ಮುಂದಿನ ಕೋಲಿಗೆ ಹೆಗಲು ಕೊಡಲು ಬಂದ ವೀರಭದ್ರನೂ ನೋಡಿದ. ಅವನ ಮುಖ ಇಳಿಯಿತು. ಹೊಸ್ತಿಲು ದಾಟುವ ಮುಂಚೆ ಹೆಂಡತಿಯ ಕಡೆ ಬಾಗಿ ಏನೋ ಹೇಳಿ ಹೋದ. ಹಲಗೆ ಬಡಿಯಲು ಶುರುವಾಯಿತು. ಹೂವಿನ ನಡುವೆ ಕೂತ ಬಾಳಮ್ಮ ಬೆನ್ನಿಗೆಲ್ಲ ಸುಣ್ಣ ಮೆತ್ತಿಕೊಂಡು ಓಣಿ ದಾಟಿ ಹೊಲದ ಕಡೆ ಹೋದಳು.

*

ಕಾಂತಾಬಾಯಿ ಹೊಲಕ್ಕೆ ಹೋಗಲಿಲ್ಲ. ಹೆಣ ಹೋದ ಮನೆಯಲ್ಲಿ, ಹೆಣ ಕೂತ ಜಾಗ ಸಾರಿಸಿ ದೀಪ ಹಚ್ಚಿಡಬೇಕು. ಮಣ್ಣು ಕೊಟ್ಟು ಬಂದವರೆಲ್ಲ ಆ ದೀಪಕ್ಕೆ ಕೈ ಮುಗಿದು ತಮ್ಮ ಮನೆಗೆ ಹೋಗುತ್ತಾರೆ. ಮೊದಲು ನೋಡಬೇಕಾದವನು ಮಗ. ಮಗ ನೋಡದೆ ಊರಿನವರು ನೋಡುವಂತಿಲ್ಲ.

ಅವಳು ನೆಲ ಸಾರಿಸುತ್ತಿದ್ದಾಗ ಪ್ರಯಾಗಬಾಯಿ ಮೂಲೆಯಲ್ಲಿದ್ದ ಗಡಿಗೆ, ಕುಂಚ ತೆಗೆದುಕೊಂಡಳು.

“ಏನದು?”

“ಅವ್ರು ಹೇಳಿ ಹೋಗ್ಯಾರ್ರೀ. ಮಂದಿ ತಿರುಗಿ ಬರೋದ್ರಾಗ ಅದೊಂದು ಜಾಗಾ ಮುಚ್ಚಿಬಿಡು ಅಂದಾರ.” ಪ್ರಯಾಗಬಾಯಿ ಗೋಡೆ ನೋಡಿದಳು, ನೋಡಿ ಕಣ್ಣು ತಗ್ಗಿಸಿದಳು. “ನನ್ನ ಕೈಲೆ ಆಗವಲ್ದು ಅಕ್ಕಾ. ಅತ್ತಿ ಕೂತಂಗೇ ಅದ.”

“ಇಲ್ಲಿ ಕೊಡು,” ಎಂದಳು ಕಾಂತಾಬಾಯಿ. “ಬಳಿಯೋದಿದ್ರ ಅಂವನೇ ಬಂದು ಬಳೀಲಿ. ಎಲ್ಲಾರ ಮುಂದ.”

ಗಡಿಗೆಯನ್ನು ಕಲಕಿದಳು. ತಳಕ್ಕೆ ಇಳಿದಿದ್ದ ಸುಣ್ಣ ಮತ್ತೆ ಹಾಲಿನಂತಾಯಿತು. ಸಾರಿಸಿದ ಜಾಗದಲ್ಲಿ ಹಣತೆ ಇಟ್ಟು ಬತ್ತಿ ಹಚ್ಚಿದಳು. ಪಕ್ಕಕ್ಕೆ ಗಡಿಗೆ ಇಟ್ಟು, ಅದರ ಬಾಯಿಗೆ ಅಡ್ಡಲಾಗಿ ಕುಂಚ ಇಟ್ಟಳು. ಅನುಸೂಯಾಬಾಯಿ ಮೂಲೆಯಿಂದ ಎಲ್ಲ ನೋಡುತ್ತಿದ್ದಳು. 

ಬಿಸಿಲು ಇಳಿಯುವ ಹೊತ್ತಿಗೆ ಜನ ಬಂದರು. ಬಾಗಿಲಲ್ಲಿ ಕಾಲು ತೊಳೆದು ಅಂಗಳ ತುಂಬ ನಿಂತರು. ಮರುಳಸಿದ್ಧಯ್ಯನವರು ಕಟ್ಟೆಯ ಮೇಲೆ ಕೂತರು. ವೀರಭದ್ರ ಒದ್ದೆ ಧೋತರದಲ್ಲಿ ಒಳಗೆ ಬಂದ. ದೀಪ ಕಂಡಿತು, ದೀಪದ ಮೇಲೆ ಗೋಡೆಯಲ್ಲಿ ಹನ್ನೊಂದನೆಯವಳು ಕಂಡಳು. ಹೆಂಡತಿಯ ಕಡೆ ನೋಡಿದ. ಪ್ರಯಾಗಬಾಯಿ ಕಂಬದ ಹಿಂದೆ ಸರಿದಳು.

“ಇನ್ನೊಂದು ಕೈ ಆಗೋವಷ್ಟು ಸುಣ್ಣ ಉಳದದ,” ಎಂದಳು ಕಾಂತಾಬಾಯಿ. “ಬಳಿ. ಬಳದು ಆಮ್ಯಾಲ ದೀಪಾ ನೋಡು.”

“ಅಕ್ಕಾ, ಮಂದಿ ನಿಂತಾರ.”

“ಮಂದೀಗಿ ಅಂಜೇ ಬಳದೆ ಅಂದಿದ್ದಿ. ಈಗ ಎಲ್ಲಾರೂ ಬಂದಾರ. ಬಳಿ.”

“ಬಳೀತೀನಿ,” ಎಂದ ವೀರಭದ್ರ. ದನಿ ಬಿರುಸಾಗಿತ್ತು. “ಅಂಜತೀನಿ ಅಂತ ತಿಳದೀಯೇನು? ನನ್ನ ಮನಿ ಅದ, ನನ್ನ ಗ್ವಾಡಿ ಅದ.”

ಬಗ್ಗಿ ಕುಂಚ ತೆಗೆದುಕೊಂಡ. ಗಡಿಗೆಯಲ್ಲಿ ಮುಳುಗಿಸಿದ, ಬೇಕಾದ್ದಕ್ಕಿಂತ ಆಳಕ್ಕೆ. ಒಂದು ಹೆಜ್ಜೆ ಮುಂದೆ ಹೋಗಿ ಕೈ ಮೇಲೆತ್ತಿದ. ಮೊದಲ ಎಳೆ ಎಳೆಯಬೇಕಾದದ್ದು ತಲೆಯ ಮೇಲಿಂದ. ಅಲ್ಲಿ ಕೆಂಪು ಹೆಂಗಸಿನ ತಲೆ ಇರಲಿಲ್ಲ, ತಾಯಿಯ ತುರುಬಿತ್ತು. ಕುಂಚವನ್ನು ಪಕ್ಕಕ್ಕೆ ಒಯ್ದ. ಅಲ್ಲಿ ಎಡಭುಜ ಇತ್ತು, ನೀರು ಹೊತ್ತು ಹೊತ್ತು ಬಲಭುಜಕ್ಕಿಂತ ಎರಡು ಬೆರಳು ತಗ್ಗಿದ್ದ ಭುಜ. ಆ ತಗ್ಗು ಗೋಡೆಯ ಮೇಲೂ ಇತ್ತು.

ಅಂಗಳದಲ್ಲಿ ಯಾರೋ, ಮಗ ದೀಪ ನೋಡಿದನೇ ಎಂದು ಕೇಳಿದರು. ಇನ್ನೂ ಇಲ್ಲ ಎಂದು ಇನ್ಯಾರೋ ಹೇಳಿದರು. ಬಾಗಿಲಲ್ಲಿ ಬಸವಣ್ಣೆಪ್ಪ ಕಾಕಾ ಒಳಗೆ ಬರಲಾರದೆ, ಹೊರಗೆ ಹೋಗಲಾರದೆ ನಿಂತಿದ್ದ.

ವೀರಭದ್ರನ ಕೈ ಎತ್ತಿದಲ್ಲೇ ಇತ್ತು. ಕುಂಚದಿಂದ ಸುಣ್ಣ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ ಇಳಿದು, ಆಗಷ್ಟೇ ಸಾರಿಸಿದ ನೆಲದ ಮೇಲೆ ಒಂದೊಂದೇ ಹನಿ ಬೀಳುತ್ತಿತ್ತು.